ಕಲಿತವನು ಒಡ್ಡಿದ್ದು ಯಾರನ್ನು?

ಇಸ್ಪೀಟಾಟದಲ್ಲಿ ಗೆಲ್ಲುವುದನ್ನು ಕಲಿಯಲು ಬರುತ್ತದೆಯೇ? ಬರುತ್ತದೆ. ಶಾಲೆಯಲ್ಲಿ ಪಾಠ ಹೇಳುವ ಹೆಂಗಸು ಇಂಥ ಮಾತು ಬರೆಯುವುದೇ ಎಂದು ಹುಬ್ಬು ಗಂಟಿಕ್ಕಬೇಡಿ. ಸುಳ್ಳು ಹೇಳಿ ಮಕ್ಕಳನ್ನು ತಿದ್ದಲಾಗದು ಎಂಬುದು ಮೂವತ್ತು ವರ್ಷ ಖಡು ಹಿಡಿದ ಮೇಲೆ ನಾನು ಕಂಡುಕೊಂಡ ಸತ್ಯ. "ಜೂಜು ಪಾಪ, ಆಡಿದವ ಹಾಳಾಗುತ್ತಾನೆ" ಎಂದಷ್ಟೇ ಹೇಳಿ ಸುಮ್ಮನಾದರೆ, ಆಡಿ ಗೆದ್ದು ಹೊಸ ಗಾಡಿ ತಂದ ಒಬ್ಬನನ್ನು ಹುಡುಗರು ಬೆರಳು ಮಾಡಿ ತೋರಿಸುತ್ತಾರೆ. ಅಲ್ಲಿಗೆ ನಮ್ಮ ಉಪದೇಶ ಮುಗಿಯಿತು. ಆದ್ದರಿಂದ ನಾನು ಪಾಪಪುಣ್ಯದ ಮಾತು ಬದಿಗಿಟ್ಟು ಲೆಕ್ಕದ ಮಾತು ಆಡುತ್ತೇನೆ. ಮನೆಯ ಲೆಕ್ಕ ನೋಡುವವರು ನಾವೇ ಆದ್ದರಿಂದ ಅಕ್ಕತಂಗಿಯರು ಇದನ್ನು ಸ್ವಲ್ಪ ಸಮಾಧಾನದಿಂದ ಓದಬೇಕು.

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾಗುವ ಮೊದಲೇ ನೌಕರಿಗೆ ಸೇರಿದವಳು ನಾನು. ವರ್ಗಾವಣೆಯ ಕೃಪೆಯಿಂದ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕುಗಳ ನೀರು ಕುಡಿದಿದ್ದೇನೆ. ನಾಲ್ಕೂ ಕಡೆ ಇಸ್ಪೀಟು ಕಂಡಿದ್ದೇನೆ. ನಾಗರ ಪಂಚಮಿಗೆ ಗಂಡಸರು ಗುಡಿಯ ಕಟ್ಟೆಯ ಮೇಲೆ ಅಂದರ್-ಬಾಹರ್ ಹಾಕಿಕೊಂಡು ಕೂಡುತ್ತಿದ್ದರು. ಹಬ್ಬ ಮುಗಿದರೆ ಎಲೆ ಮುಗಿಯುತ್ತಿತ್ತು, ಅಥವಾ ಮುಗಿಯಿತೆಂದು ನಾವು ನಂಬುತ್ತಿದ್ದೆವು. ಬಳಿಕ ಓಸಿ ಚೀಟಿ ಬಂತು, ಕ್ಲಬ್ಬು ಬಂತು, ಕೊನೆಗೆ ಅಂಗೈಯೊಳಗಿನ ಫೋನಿಗೆ ರಮ್ಮಿ ಬಂತು, ಅದರ ಬೆನ್ನಿಗೆ ಪೋಕರ್ ಬಂತು. ಸವಣೂರಿನಲ್ಲಿ ಎಲೆ ಎಂದರೆ ಮೊದಲು ವೀಳ್ಯದೆಲೆ. ಬಳ್ಳಿಗೆ ನೀರು ಹಾಯಿಸಿ, ಕೊಯ್ದು, ಕಟ್ಟು ಕಟ್ಟಿ ಸಂತೆಗೆ ಒಯ್ದರೆ ರೊಕ್ಕ. ಎಲೆ ಕೊಯ್ಯುವವರ ಮಕ್ಕಳೇ ಇನ್ನೊಂದು ಬಗೆಯ ಎಲೆಯ ಹಿಂದೆ ಬಿದ್ದದ್ದನ್ನು ಕಂಡಾಗ ನನಗೆ ಹೊಟ್ಟೆಯಲ್ಲಿ ಕಿವುಚಿದಂತಾಯಿತು.

ನನ್ನ ತಕರಾರು ಆಟದ ಮೇಲಲ್ಲ, ಒಂದು ಮಾತಿನ ಮೇಲೆ. ಮೊದಲು ಆಡಿಸುವವರು "ಬಾ, ಆಡಿ ಗೆಲ್ಲು" ಎನ್ನುತ್ತಿದ್ದರು. ಈಚಿನ ವರ್ಷಗಳಲ್ಲಿ "ಬಾ, ಕಲಿತು ಗೆಲ್ಲು" ಎನ್ನತೊಡಗಿದರು. ಕಲಿಯುವುದು ನಮ್ಮ ಮಾತು, ಮಾಸ್ತರರ ಮಾತು. ಅದನ್ನು ಕಳ್ಳರು ಕದ್ದರೆ ಕೇಳುವ ಹಕ್ಕು ನನಗಿದೆ. ಆದ್ದರಿಂದ ಆ ಪಾಠ ಏನೆಂದು ನೋಡೋಣ. ನಾನು ಬಿ.ಎ., ಬಿ.ಎಡ್. ಮಾಡಿ ಕನ್ನಡ, ಸಮಾಜ ಕಲಿಸುವವಳು. ಕೆಳಗಿನ ಲೆಕ್ಕಗಳನ್ನು ನಮ್ಮ ಶಾಲೆಯ ಗಣಿತದ ಗುರುಗಳ ಮುಂದಿಟ್ಟು ಸರಿನೋಡಿಸಿಕೊಂಡಿದ್ದೇನೆ.

ಪೋಕರ್ ಆಟದ ಹೆಚ್ಚು ಬಳಕೆಯ ಬಗೆಯಲ್ಲಿ ಒಬ್ಬೊಬ್ಬರಿಗೆ ಎರಡೆರಡು ಎಲೆ ಮುಚ್ಚಿ ಕೊಡುತ್ತಾರೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಹಂತಹಂತವಾಗಿ ತೆರೆಯುತ್ತಾರೆ: ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು. ಪ್ರತಿ ಹಂತದಲ್ಲೂ ಹಣ ಕಟ್ಟಬೇಕು, ಇಲ್ಲವೆ ಎಲೆ ಕೆಳಗಿಟ್ಟು ಸರಿಯಬೇಕು. ಏಳು ಎಲೆಗಳಲ್ಲಿ ಯಾರ ಐದು ಎಲೆ ಮೇಲಾಯಿತೋ ಅವರಿಗೆ ನಡುವಿನ ಹಣ. ಎಲ್ಲರೂ ಹೆದರಿ ಸರಿದರೆ, ಉಳಿದವನ ಕೈಯಲ್ಲಿ ಏನೂ ಇಲ್ಲದಿದ್ದರೂ ಹಣ ಅವನದೇ.

ಈಗ ಹೊಸಬನಿಗೆ ಪಾಠ. ಮೊದಲನೆಯದು, ಬಿಟ್ಟುಕೊಡುವುದು. 52 ಎಲೆಗಳಲ್ಲಿ ಎರಡು ಎಲೆಯ ಜೋಡಿ 1,326 ಬಗೆಯಾಗಿ ಬರಬಹುದು. ಅವುಗಳಲ್ಲಿ ಎರಡು ಎಕ್ಕಾ ಸೇರಿ ಬರುವುದು 6 ಬಗೆ ಮಾತ್ರ. ಎಂದರೆ 221 ಸಲಕ್ಕೆ ಒಂದು ಸಲ. ಗಂಟೆಗೆ 30 ಆಟ ನಡೆದರೆ ಏಳು ತಾಸಿಗೊಮ್ಮೆ. ಹೀಗಾಗಿ ಬಲ್ಲವರು ಬಂದ ಎಲೆಗಳಲ್ಲಿ ಹೆಚ್ಚಿನವನ್ನು ಹಣ ಕಟ್ಟದೆ ಕೆಳಗಿಡುತ್ತಾರೆ. ಎರಡನೆಯದು, ಕೊನೆಗೆ ಮಾತಾಡುವ ಜಾಗ. ಉಳಿದವರು ಏನು ಮಾಡಿದರೆಂದು ನೋಡಿಕೊಂಡು ತೀರ್ಮಾನ ಮಾಡುವವನಿಗೆ ಅನುಕೂಲ ಹೆಚ್ಚು.

ಮೂರನೆಯದು, ಭಾಗಾಕಾರ. ನಿಮ್ಮ ಕೈಯಲ್ಲಿ ಎರಡು ಆಟೀನು, ನಡುವಿನ ನಾಲ್ಕು ಎಲೆಗಳಲ್ಲಿ ಎರಡು ಆಟೀನು ಇವೆ. ಇನ್ನೊಂದು ಬಂದರೆ ಐದಾಗಿ ನೀವು ಗೆಲ್ಲುವಿರಿ ಎನ್ನಿ. ಕಾಣದ ಎಲೆಗಳು 46, ಅವುಗಳಲ್ಲಿ ಆಟೀನು 9. ಸಂಭವ ನೂರಕ್ಕೆ ಇಪ್ಪತ್ತೂ ಇಲ್ಲ. ನಡುವೆ 300 ರೂಪಾಯಿ ಬಿದ್ದಿದೆ. ನೀವು ಉಳಿಯಲು 100 ಹಾಕಬೇಕು. ಆಗ ನಾಲ್ಕು ಸಲಕ್ಕೆ ಒಂದು ಸಲ, ಅಂದರೆ ನೂರಕ್ಕೆ 25 ಸಲ ಗೆದ್ದರೆ ಅಸಲು ಬಂದೀತು. ನಿಮಗಿರುವುದು 20ರ ಒಳಗೆ. ಆದ್ದರಿಂದ ಎಲೆ ಕೆಳಗಿಡಬೇಕು.

ನಾಲ್ಕನೆಯದು, ಪೂರ್ತಿ ಹೋದರೂ ಮನೆಗೆ ತಾಗದಷ್ಟು ಹಣವನ್ನು ಮಾತ್ರ ಬೇರೆ ತೆಗೆದಿಡುವುದು. ಐದನೆಯದು, ಕೂತ ದಿನ, ಕೂತ ತಾಸು, ಹೋದದ್ದು, ಬಂದದ್ದು ಎಲ್ಲವನ್ನೂ ವಹಿಯಲ್ಲಿ ಬರೆಯುವುದು. ಆರನೆಯದು, ಸಿಟ್ಟು ಬಂದ ಕೂಡಲೇ ಏಳುವುದು. ಏಳನೆಯದನ್ನು ಸಾಮಾನ್ಯವಾಗಿ ಸಣ್ಣ ದನಿಯಲ್ಲಿ ಹೇಳುತ್ತಾರೆ: ನಿನಗಿಂತ ದಡ್ಡರು ಇರುವ ಮೇಜು ಹುಡುಕು.

ಇಷ್ಟೇ. ಇದರಲ್ಲಿ ಗುಟ್ಟೇನೂ ಇಲ್ಲ, ಇದನ್ನು ನಡೆಸಿಕೊಂಡು ಬಂದವರು ಕೆಲವರು ಗೆದ್ದಿರುವುದೂ ಸುಳ್ಳಲ್ಲ. ಆದರೆ ನಮ್ಮ ಹುಡುಗರಲ್ಲಿ ಯಾರು ಈ ಏಳು ನಿಯಮ ಪಾಲಿಸಬಲ್ಲರು? ಬಿಟ್ಟುಕೊಡುತ್ತ ಕೂಡುವ ತಾಳ್ಮೆ ಇದ್ದವನು ಬೇಗ ಹಣ ಮಾಡಲು ಎಲೆ ಹಿಡಿಯುತ್ತಿರಲಿಲ್ಲ. ದಿನದ ಖರ್ಚು ಬರೆದಿಡುವವನು ಕಿರಾಣಿ ಅಂಗಡಿಯಲ್ಲಿ ಉದ್ದರಿ ಏರಿಸುತ್ತಿರಲಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ನನ್ನ ತರಗತಿಯಲ್ಲಿ ತಪ್ಪು ಉತ್ತರಕ್ಕೆ ಕೆಂಪು ಗೆರೆ ಬೀಳುತ್ತದೆ, ಹುಡುಗ ತಿದ್ದಿಕೊಳ್ಳುತ್ತಾನೆ. ಇಲ್ಲಿ ತಪ್ಪು ಉತ್ತರಕ್ಕೂ ಐದರಲ್ಲಿ ಒಂದು ಸಲ ಅಂಕ ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ 100 ಹಾಕಬಾರದಿತ್ತು. ಆದರೂ ಹಾಕಿದ, ಆಟೀನೇ ಬಂತು, 300 ಗೆದ್ದ. ಆ ರಾತ್ರಿ ಅವನು ಕಲಿತದ್ದು ಏನು? ತಪ್ಪನ್ನೇ ಕಲಿತ, ಅದೂ ಬಹುಮಾನದ ಸಮೇತ. ಇಂಥ ಶಾಲೆಯಲ್ಲಿ ತಾನು ಜಾಣನಾದೆನೋ ಇಲ್ಲವೋ ಎಂಬುದು ಸಾವಿರಾರು ಆಟ ಕಳೆದರೂ ಹೊಸಬನಿಗೆ ತಿಳಿಯುವುದಿಲ್ಲ. ಜೇಬಿಗೆ ಮಾತ್ರ ಬೇಗ ತಿಳಿಯುತ್ತದೆ.

ಇನ್ನು ಕಲಿಸುವವರು ಮುಚ್ಚಿಡುವ ಲೆಕ್ಕ ಎರಡಿವೆ. ಒಂದು, ಆಡಿಸುವವನ ಪಾಲು. ಆರು ಜನ ತಲಾ 2,000 ತಂದು ಕೂತರು. ಮೇಜಿನ ಮೇಲೆ 12,000. ನಾಲ್ಕು ತಾಸಿನಲ್ಲಿ 120 ಆಟ ಆಯಿತು. ಪ್ರತಿ ಆಟದಲ್ಲಿ ಸರಾಸರಿ 1,000 ರೂಪಾಯಿ ನಡುವೆ ಬಿತ್ತು, ಆಡಿಸುವವನು ನೂರಕ್ಕೆ 5ರಂತೆ ತೆಗೆದುಕೊಂಡ ಎನ್ನಿ. ಒಂದು ಆಟಕ್ಕೆ 50, ಒಟ್ಟು 6,000. ಯಾರು ಗೆದ್ದರು, ಯಾರು ಸೋತರು ಎಂಬುದು ಹಾಗಿರಲಿ, ಮೇಜಿನ ಅರ್ಧ ಹಣ ಎಲೆಯನ್ನೇ ಮುಟ್ಟದವನ ಗಲ್ಲೆಗೆ ಹೋಯಿತು. ಆರೂ ಮಂದಿ ಸಮಾನ ಜಾಣರಾಗಿದ್ದರೆ ಆರೂ ಮಂದಿ ಸೋಲುತ್ತಾರೆ. ಎದುರು ಮುಖ ಕಾಣದ ಫೋನಿನ ಆಟವಾದರೆ ಕೂತವನು ಮನುಷ್ಯನೋ ಯಂತ್ರವೋ ಎಂಬುದೂ ಗೊತ್ತಾಗದು. 2019ರಲ್ಲಿಯೇ ಪ್ಲುರಿಬಸ್ ಎಂಬ ಕಂಪ್ಯೂಟರ್ ಆರು ಜನರ ಪೋಕರಿನಲ್ಲಿ ನುರಿತ ವೃತ್ತಿ ಆಟಗಾರರನ್ನು ಸೋಲಿಸಿದೆ.

ಎರಡನೆಯ ಲೆಕ್ಕ ಇದಕ್ಕಿಂತ ಕಹಿ. ನನ್ನ ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ನಲವತ್ತೂ ಪಾಸಾಗಬಹುದು. ಒಬ್ಬಳು ಚೆನ್ನಾಗಿ ಓದಿದಳೆಂದು ಪಕ್ಕದವಳ ಅಂಕ ಕಡಿಮೆಯಾಗುವುದಿಲ್ಲ. ಪೋಕರಿನ ಶಾಲೆಯಲ್ಲಿ ಒಬ್ಬ ಪಾಸಾಗಬೇಕಾದರೆ ಹಲವರು ನಪಾಸಾಗಲೇಬೇಕು, ಏಕೆಂದರೆ ಅವನಿಗೆ ಸಿಗುವ ಅಂಕ ಅವರ ಅಂಕವೇ. ನಮ್ಮ ಊರುಗಳಲ್ಲಿ ಆ ನಪಾಸಾಗುವವರು ಯಾರು? ಎ.ಪಿ.ಎಂ.ಸಿ.ಯಲ್ಲಿ ಚೀಲ ಹೊರುವವನು, ಟ್ರ್ಯಾಕ್ಟರ್ ಹೊಡೆಯುವವನು, ಹಿರೇಕೆರೂರ ಕಡೆ ಗೋವಿನಜೋಳ ಮಾರಿದ ಹಣ ಕೈಯಲ್ಲಿ ಹಿಡಿದು ಬರುವ ರೈತನ ಮಗ. "ದಡ್ಡರ ಮೇಜು ಹುಡುಕು" ಎಂಬ ಏಳನೆಯ ಪಾಠದಲ್ಲಿ ದಡ್ಡನ ಹೆಸರು ಹೇಳಿಲ್ಲ. ಅವನಿಗೊಬ್ಬ ತಾಯಿ ಇದ್ದಾಳೆ, ಹೆಂಡತಿ ಇದ್ದಾಳೆ, ಶಾಲೆಗೆ ಬರುವ ಮಗಳಿದ್ದಾಳೆ. ಆ ಮಗಳು ನನ್ನ ಮುಂದಿನ ಬೆಂಚಿನಲ್ಲಿ ಕೂತಿರುತ್ತಾಳೆ. ಪ್ರವಾಸದ ಹಣ ಯಾಕೆ ತರಲಿಲ್ಲವೆಂದು ಕೇಳಿದರೆ ನೆಲ ನೋಡುತ್ತಾಳೆ.

ಕಲಿಕೆಯಿಂದ ಮನೆ ಉಳಿಯುತ್ತದೆ ಎನ್ನುವವರಿಗೆ ನಮ್ಮ ಸೀಮೆಯ ಎರಡು ಕಥೆ ಹೇಳಬೇಕು. ಹಾನಗಲ್ಲಿಗೆ ವಿರಾಟನಗರವೆಂಬ ಪ್ರತೀತಿ ಇದೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂದು ತಾರಕೇಶ್ವರನ ಗುಡಿಯ ಸುತ್ತಿನ ಹಿರಿಯರು ಹೇಳುತ್ತಾರೆ. ಅಲ್ಲಿ ಧರ್ಮರಾಯ ಯಾವ ವೇಷದಲ್ಲಿದ್ದ? ಕಂಕ ಎಂಬ ಹೆಸರಿನಿಂದ ವಿರಾಟರಾಯನ ಜೊತೆ ಪಗಡೆಯಾಡುವ ವೇಷದಲ್ಲಿ. ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಸೋತು ಕಾಡು ಸೇರಿದ ಮೇಲೆ ಬೃಹದಶ್ವನೆಂಬ ಋಷಿಯಿಂದ ಅವನು ಅಕ್ಷಹೃದಯವನ್ನು, ಎಂದರೆ ದಾಳದ ಒಳಗುಟ್ಟನ್ನು ಕಲಿತ. ಚೆನ್ನಾಗಿಯೇ ಕಲಿತ. ಆ ವಿದ್ಯೆಯಿಂದ ಬಂದದ್ದೇನು? ಒಂದು ವರ್ಷದ ಚಾಕರಿ, ಮತ್ತು ಸಿಟ್ಟಿಗೆದ್ದ ವಿರಾಟ ಮುಖಕ್ಕೆ ಎಸೆದ ದಾಳ. ಮೂಗಿನಿಂದ ಸುರಿದ ರಕ್ತ ನೆಲಕ್ಕೆ ಬೀಳದಂತೆ ಪಾತ್ರೆ ಹಿಡಿದವಳು ದ್ರೌಪದಿ. ಹೋದ ರಾಜ್ಯ ಮರಳಿ ಬಂದದ್ದು ಪಗಡೆಯಿಂದ ಅಲ್ಲವೇ ಅಲ್ಲ.

"ನಳ ಗೆಲ್ಲಲಿಲ್ಲವೇ?" ಎಂದು ಕೇಳುವವರಿದ್ದಾರೆ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ನಳಚರಿತ್ರೆ ಬರೆದದ್ದರಿಂದ ಈ ಕಥೆ ನಮ್ಮವರಿಗೆ ಹೊಸದಲ್ಲ. ವ್ಯಾಸಭಾರತದ ಅರಣ್ಯಪರ್ವದಲ್ಲಿ ಅದು ಹೀಗಿದೆ. ತಮ್ಮ ಪುಷ್ಕರನೊಡನೆ ಆಡಿ ನಳ ಎಲ್ಲ ಸೋತ. "ಇನ್ನು ದಮಯಂತಿಯನ್ನು ಒಡ್ಡು" ಎಂದು ಪುಷ್ಕರ ಹಂಗಿಸಿದಾಗ ನಳನ ಎದೆ ಒಡೆಯಿತು. ಮಾತಾಡದೆ ಆಭರಣ ಕಳಚಿಟ್ಟು ಉಟ್ಟ ಬಟ್ಟೆಯಲ್ಲಿ ಹೊರಟ. ಆಮೇಲೆ ಋತುಪರ್ಣರಾಜನಿಂದ ವಿದ್ಯೆ ಕಲಿತ. ಆ ಋತುಪರ್ಣ ತಾರೆಮರದ ಎರಡು ಕೊಂಬೆ ನೋಡಿ ಎಲೆ, ಕಾಯಿ ಎಷ್ಟಿವೆಯೆಂದು ಲೆಕ್ಕ ಹೇಳಬಲ್ಲವನು. ದಾಳದ ವಿದ್ಯೆ ಎಣಿಕೆಯ ವಿದ್ಯೆ ಎಂಬುದು ಆಗಲೇ ಗೊತ್ತಿತ್ತು. ಕಲಿತ ನಳ ತಿರುಗಿ ಬಂದು ಪುಷ್ಕರನನ್ನು ಆಟಕ್ಕೆ ಕರೆದ. ಪಣವಾಗಿ ಏನು ಒಡ್ಡಿದ? ತಾನು ಗಳಿಸಿದ ಸಂಪತ್ತನ್ನೂ ದಮಯಂತಿಯನ್ನೂ!

ಗೆದ್ದ, ನಿಜ. ಆದರೆ ತಂಗಿಯರೇ, ಈ ಕಥೆಯನ್ನು ಹೆಂಗಸಿನ ಕಡೆಯಿಂದ ಓದಿ ನೋಡಿ. ಆಟ ಬಾರದೆ ಸೋಲುತ್ತಿದ್ದಾಗ ನಳ ಹೆಂಡತಿಯನ್ನು ಪಣಕ್ಕೆ ಇಡಲಿಲ್ಲ. ಆಟ ಕಲಿತ ಮೇಲೆ ಇಟ್ಟ. ಗೆಲ್ಲುವ ವಿದ್ಯೆ ಅವನಿಗೆ ಮೊದಲು ಕೊಟ್ಟದ್ದು ಆ ಧೈರ್ಯವನ್ನು. ನಮ್ಮ ಮನೆಗಳಲ್ಲಿ ಆಗುವುದೂ ಇದೇ. ಬರೀ ಅದೃಷ್ಟ ನಂಬಿ ಆಡುವವನು ಜೇಬಿನ ಐನೂರು ಕಳೆದು ತಲೆ ಕೆಳಗೆ ಮಾಡಿ ಬರುತ್ತಾನೆ. "ನಾನು ಕಲಿತಿದ್ದೇನೆ" ಎನ್ನುವವನು ಹೆಂಡತಿಯ ಬಂಗಾರ ಒತ್ತೆಯಿಡುತ್ತಾನೆ, ಸ್ವಸಹಾಯ ಸಂಘದ ಸಾಲ ಎತ್ತಿಸುತ್ತಾನೆ, 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರವನ್ನೂ ಕೇಳುತ್ತಾನೆ. ಅವನ ದೃಷ್ಟಿಯಲ್ಲಿ ಅದು ಜೂಜೇ ಅಲ್ಲ, ಬಂಡವಾಳ!

ಒಬ್ಬ ತಾಯಿ ನನಗೆ ಹೇಳಿದಳು: "ಬಾಯಾರ, ನಮ್ಮ ಹುಡುಗ ಜೂಜ ಆಡೂದಿಲ್ರಿ. ಅದು ಬುದ್ಧಿ ಆಟ ಅಂತ ಕೋರ್ಟಿನ್ಯಾಗ ಹೇಳ್ಯಾರಂತ್ರಿ." ನಾನು ಕೇಳಿದೆ: "ಬುದ್ಧಿ ಅವಂದು ಅನ್ನವಾ, ರೊಕ್ಕ ಯಾರದು?" ಅವಳು ಸುಮ್ಮನಾದಳು. ಕೋರ್ಟಿನ ಮಾತನ್ನಾದರೂ ಪೂರ್ತಿ ಕೇಳಬೇಡವೇ? 1968ರಲ್ಲಿ ಆಂಧ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ, ಮೂರೆಲೆಯ ಆಟದ ಹಾಗೆ ಬರೀ ಅದೃಷ್ಟದ್ದಲ್ಲ ಎಂದಿತು. ಎಲ್ಲರೂ ಉರು ಹೊಡೆದದ್ದು ಇಷ್ಟನ್ನೇ. ಪಣಕ್ಕಿಟ್ಟ ಆಟದಿಂದ ಕ್ಲಬ್ಬಿನವನು ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧ ಆಗಬಹುದು ಎಂದೂ ಅದೇ ತೀರ್ಪಿನಲ್ಲಿದೆ. ಅದನ್ನು ಯಾರೂ ನೆನೆಯುವುದಿಲ್ಲ. ಪೋಕರ್ ಜಾಣ್ಮೆಯ ಆಟವಾಗಿ ನಡೆದರೆ ಪರವಾನಗಿ ಬೇಡವೆಂದು 2013ರಲ್ಲಿ ನಮ್ಮ ಹೈಕೋರ್ಟು ಹೇಳಿತು. 2017ರಲ್ಲಿ ಗುಜರಾತಿನ ಹೈಕೋರ್ಟು ಅದು ಜೂಜೇ ಎಂದಿತು. ನಮ್ಮ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣದ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ಮಾಡಿತು. ಜಾಣ್ಮೆಯದಿರಲಿ, ಅದೃಷ್ಟದ್ದಿರಲಿ, ಹಣ ಕಟ್ಟುವ ಆನ್‌ಲೈನ್ ಆಟ ನಡೆಸಬಾರದು. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಕಂಪನಿಗಳು ಇದನ್ನೂ ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು.

ಆ ಕಾಯ್ದೆ ನನಗೆ ಒಪ್ಪಿಗೆ. ಆದರೆ ಕಾಯ್ದೆ ಫೋನಿನ ಕಂಪನಿಯನ್ನು ಹಿಡಿದೀತು, ಊರ ಹೊರಗಿನ ತೋಟದ ಮನೆಯಲ್ಲಿ ಕಂದೀಲು ಹಚ್ಚಿ ಕೂತವರನ್ನು ಯಾರು ಹಿಡಿಯಬೇಕು? ಅದಲ್ಲದೆ ಇಷ್ಟು ವರ್ಷ ಎಲ್ಲರೂ ಚರ್ಚಿಸಿದ್ದು ಆಟಕ್ಕೆ ಜಾಣ್ಮೆ ಬೇಕೋ ಬೇಡವೋ ಎಂಬುದನ್ನು. ಜೇಬುಗಳ್ಳತನಕ್ಕೂ ಜಾಣ್ಮೆ ಬೇಕು. ಅದರಿಂದ ಅದು ವಿದ್ಯೆಯಾಗಲಿಲ್ಲ.

"ಒಕ್ಕಲುತನವೂ ಜೂಜೇ ಅಲ್ಲವೇ?" ಎಂದು ಬಾಯಿ ಮುಚ್ಚಿಸುವವರಿದ್ದಾರೆ. ಮಳೆಯನ್ನು ನಂಬಿ ಬೀಜ ಹಾಕುವುದು ಅಪಾಯವೇ ಸರಿ. ಆದರೆ ಮಳೆ ಬಂದರೆ ಊರಿಗೆಲ್ಲ ಬರುತ್ತದೆ. ನನ್ನ ಹೊಲದ ಗೋವಿನಜೋಳ ತೆನೆ ಕಟ್ಟಬೇಕಾದರೆ ಪಕ್ಕದ ಹೊಲ ಒಣಗಬೇಕಿಲ್ಲ. ಒಂದು ಕಾಳು ಹಾಕಿದರೆ ನೂರಾರು ಕಾಳು ಹೊಸದಾಗಿ ಹುಟ್ಟುತ್ತವೆ. ಇಸ್ಪೀಟಿನ ಎಲೆಯನ್ನು ಎಷ್ಟು ಕಲಸಿದರೂ 52 ಎಲೆ 53 ಆಗುವುದಿಲ್ಲ. ಇನ್ನು ಕೆಲವರು "ಬುದ್ಧಿ ಚುರುಕಾಗುತ್ತದೆ" ಎನ್ನುತ್ತಾರೆ. ಆಗಲಿ, ಹುಣಸೆಬೀಜ ಇಟ್ಟು ಆಡಿರಿ. ನಮ್ಮ ಅವ್ವಂದಿರು ಅಳಗುಳಿಮಣೆಯಲ್ಲಿ, ಚೌಕಾಬಾರದಲ್ಲಿ ಬುದ್ಧಿ ಚುರುಕು ಮಾಡಿಕೊಂಡದ್ದು ಹಾಗೆಯೇ. ಹುಣಸೆಬೀಜಕ್ಕೆ ಆಡಲು ಬೇಸರ ಬಂದರೆ, ಬೇಕಾಗಿದ್ದದ್ದು ಬುದ್ಧಿಯಲ್ಲವೆಂದು ಗೊತ್ತಾಯಿತಲ್ಲ!

ಹಾಗಾದರೆ ನಾವು ಮಾಡಬೇಕಾದದ್ದೇನು? ಅಳುವುದು, ಹರಕೆ ಹೊರುವುದು, ಮಂದಿಗೆ ಗೊತ್ತಾದೀತೆಂದು ಮುಚ್ಚಿಡುವುದು, ಈ ಮೂರನ್ನೂ ಬಿಡಬೇಕು. ಲೆಕ್ಕ ಕಲಿಯಬೇಕು. ಹತ್ತನೆಯ ತರಗತಿಯ ಗಣಿತ ಪುಸ್ತಕದ ಸಂಭವನೀಯತೆಯ ಪಾಠದಲ್ಲಿ 52 ಎಲೆಗಳ ಕಟ್ಟೇ ಇದೆ. "ಸಾಲ್ಯಾಗ ಇಸ್ಪೀಟ ಕಲಿಸ್ತೀರೇನ್ರಿ?" ಎಂದು ಒಬ್ಬ ಪಾಲಕರು ಜಗಳಕ್ಕೆ ಬಂದಿದ್ದರು. ಕಲಿಸಬೇಕು; ಇನ್ನೂ ಮುಂದೆ ಹೋಗಿ ಆಡಿಸುವವನ ಪಾಲನ್ನೂ ಕಳೆದು ಲೆಕ್ಕ ಮಾಡಿಸಬೇಕು. ಆ 12,000ದ ಲೆಕ್ಕವನ್ನು ಒಂದು ಸಲ ಕೈಯಾರೆ ಮಾಡಿದ ಹುಡುಗನಿಗೆ ನನ್ನ ಹತ್ತು ಭಾಷಣಕ್ಕಿಂತ ಅದು ಹೆಚ್ಚು ತಾಗುತ್ತದೆ.

ಮನೆಯಲ್ಲಿ "ನಾನು ಕಲಿತಿದ್ದೇನೆ" ಎನ್ನುವ ಮಗನಿಗೋ ಗಂಡನಿಗೋ ಜಗಳವಾಡದೆ ಒಂದು ವಹಿ ಕೊಡಿ. ಗೆದ್ದ ರಾತ್ರಿಯ ಕಥೆ ಬೇಡ, ಆರು ತಿಂಗಳ ಬರವಣಿಗೆ ಬೇಕು ಎನ್ನಿ. ನಿಜವಾಗಿ ಕಲಿತವನಾದರೆ ಐದನೆಯ ನಿಯಮದ ಪ್ರಕಾರ ಅವನ ಹತ್ತಿರ ವಹಿ ಆಗಲೇ ಇರಬೇಕು. ಇಲ್ಲದಿದ್ದರೆ ಅವನು ಕಲಿತಿಲ್ಲ. ಅವನಿಂದ ಬೇರೆ ಯಾರೋ ಕಲಿಯುತ್ತಿದ್ದಾರೆ. ಸಂಘದ ಸಾಲಕ್ಕಾಗಲಿ, ಬಂಗಾರದ ಸಾಲಕ್ಕಾಗಲಿ, ಯಾತಕ್ಕೆ ಎಂದು ತಿಳಿಯದೆ ಸಹಿ ಮಾಡಬೇಡಿ. ನಿಮ್ಮ ಖಾತೆಯ ಪಾಸ್‌ಬುಕ್ಕು, ಎ.ಟಿ.ಎಂ. ಕಾರ್ಡು, ಫೋನಿನ ಗುಪ್ತಸಂಖ್ಯೆ ನಿಮ್ಮ ಹತ್ತಿರವೇ ಇರಲಿ. ಸಾಲಗಾರರು ಬಾಗಿಲಿಗೆ ಬಂದರೆ ಒಬ್ಬರೇ ನಿಲ್ಲಬೇಡಿ, ಸಂಘದ ನಾಲ್ಕು ಹೆಂಗಸರನ್ನು ಕರೆಯಿರಿ. ಎಲೆಯ ಚಟ ಮೈಗಂಟಿದ ಕಾಯಿಲೆಯಾಗಿದ್ದರೆ ಬೈಗುಳದಿಂದ ಹೋಗದು. ನಾಚದೆ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ.

ದ್ರೌಪದಿ ತುಂಬಿದ ಸಭೆಗೆ ಹಾಕಿದ ಪ್ರಶ್ನೆ ಒಂದೇ: ಅವನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರ ಎಲ್ಲಿಂದ ಬಂತು? ಭೀಷ್ಮರಂಥವರೂ ನೇರ ಉತ್ತರ ಕೊಡಲಾರದೆ ಹೋದರು. ಆದರೆ ಅವಳು ಅದನ್ನು ಕೇಳಿದ್ದು ಆಟ ಮುಗಿದ ಮೇಲೆ. ನಾವು ಎಲೆ ಹಂಚುವ ಮೊದಲೇ ಕೇಳೋಣ.